ಹೊಸ್ತಿಲಲ್ಲಿ ಹೇಳುವ ಹೆಸರು

ಸದ್ದು ಹೋದಾಗ ಮೊದಲು ಅವರವರ ಮನೆ ನೋಡಿಕೊಳ್ಳಬೇಕು. ನಮ್ಮೂರಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವನು ತಕ್ಕಡಿ ಕೆಳಗಿಟ್ಟು ಓಡುತ್ತಾನೆ. ಬಾವಿಕಟ್ಟೆಯಲ್ಲಿದ್ದವಳು ಕೊಡ ಅಲ್ಲೇ ಬಿಟ್ಟು ಓಡುತ್ತಾಳೆ. ಜಗಳಾಡುತ್ತಿದ್ದವರ ಬಾಯಿ ಸ್ವಲ್ಪ ಹೊತ್ತು ಆಡುತ್ತಲೇ ಇರುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ. ಆಗ ಒಬ್ಬರ ಮುಖ ಒಬ್ಬರು ನೋಡಿ, ಜಗಳ ಅಲ್ಲಿಗೇ ಬಿಟ್ಟು ತಮ್ಮ ತಮ್ಮ ಮನೆಯ ಕಡೆ ತಿರುಗುತ್ತಾರೆ. ಊರಲ್ಲಿ ಒಂದು ಜೀವ ಹೋಗಿದೆ ಎಂದು ಅರ್ಥ. ಹೋದವರನ್ನು ಮಣ್ಣಿಗಿಡುವವರೆಗೆ ಸದ್ದು ತಿರುಗಿ ಬರುವುದಿಲ್ಲ. ನಾಯಿ ಬೊಗಳಿದರೂ ಕೇಳುವುದಿಲ್ಲ, ಗುಡಿಯ ಗಂಟೆ ಹೊಡೆದರೂ ಕೇಳುವುದಿಲ್ಲ. ಕುಣಿಗೆ ಹಾಕುವ ಕೊನೆಯ ಹಿಡಿ ಮಣ್ಣಿದೆಯಲ್ಲ, ಅದು ಬಿದ್ದ ಸದ್ದೇ ಮೊದಲು ಕೇಳುವುದು. ಆಮೇಲೆ ಅಳು. ಬೇರೆ ಊರಿನವರು ಹೆಣದ ಮುಂದೆ ಕೂತು ಅಳುತ್ತಾರಂತೆ. ನಾವು ಹೂತ ಮೇಲೆ ಅಳುತ್ತೇವೆ.

ನನ್ನ ಕೆಲಸ ಮಕ್ಕಳಿಗೆ ಕೈ ಅಕ್ಷರ ಕಲಿಸುವುದು. ನೀರು ಬೇಕು, ಹಸಿವಾಗಿದೆ, ಇತ್ತ ಬಾ, ಇಂಥವಕ್ಕೆಲ್ಲ ಸನ್ನೆ ಸಾಕು. ಮನೆಯಲ್ಲಿ ನೋಡಿ ನೋಡಿ ಮಕ್ಕಳು ತಾವೇ ಕಲಿಯುತ್ತವೆ. ಹೆಸರಿಗೆ ಸನ್ನೆ ಇಲ್ಲ. ಹೆಸರಿಗೆ ಅಕ್ಷರವೇ ಬೇಕು. ಸತ್ತವರ ಹೆಸರನ್ನು ಆ ಮನೆಯವರು ಹೊಸ್ತಿಲ ಮೇಲೆ ನಿಂತು ಕೈಯಲ್ಲಿ ಹೇಳಬೇಕು. ಮನೆಯಲ್ಲಿ ಅಕ್ಷರ ಬಲ್ಲವರ ಪೈಕಿ ಎಲ್ಲರಿಗಿಂತ ಕಿರಿಯರು ಯಾರೋ ಅವರೇ ಹೇಳಬೇಕು. ಹೇಳುವವರೆಗೆ ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಹೆಣ ಎತ್ತುವಂತಿಲ್ಲ. ಯಾಕೆ ಕಿರಿಯರೇ ಎಂದು ನನ್ನನ್ನು ಕೇಳಬೇಡಿ. ನಾನು ಹುಟ್ಟುವ ಮೊದಲೇ ಇದ್ದ ರೀತಿ ಇದು.

ನಾನು ಹಳ್ಳಿ ಸಾಲೆಯಲ್ಲಿ ಏಳನೇ ಇಯತ್ತೆ ಓದಿದವಳು. ಅಷ್ಟು ಓದು ಈ ಕೆಲಸಕ್ಕೆ ಸಾಕು. ಬಲಗೈಯಲ್ಲಿ ಅಕ್ಷರ, ಎಡಗೈಯಲ್ಲಿ ಕಾಗುಣಿತ. ಎಡಗೈ ಬಲಗೈಯ ನೆತ್ತಿಗೆ ಬಂದರೆ ಗುಡಿಸು, ಪಕ್ಕಕ್ಕೆ ಬಂದು ಕೆಳಗಿಳಿದರೆ ಇಳಿ, ಪಕ್ಕದಲ್ಲೇ ಬಾಗಿದರೆ ಕೊಂಬು, ಮಣಿಕಟ್ಟಿನ ಕೆಳಗೆ ಬಂದರೆ ಒತ್ತು. ಪಾಟಿಯ ಮೇಲೆ ಬರೆಯುವ ಹಾಗೆಯೇ, ಬಳಪದ ಬದಲು ಬೆರಳು. ಚಾವಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಕಲಿಸುತ್ತೇನೆ. ನನ್ನ ಬಾಯಿ ಕೆಟ್ಟದ್ದು, ಕೈಯೂ ಸುಮ್ಮನಿರುವುದಲ್ಲ. ಒತ್ತು ತಪ್ಪಿದರೆ ಮಣಿಕಟ್ಟಿಗೇ ಒಂದು ಬೀಳುತ್ತದೆ. ತಾಯಂದಿರು ಒಬ್ಬರಾದರೂ ಬಂದು ಕೇಳಿಲ್ಲ. ಹೊಸ್ತಿಲ ಮೇಲೆ ನಿಂತ ದಿನ ಕೈ ತಪ್ಪಬಾರದು ಎಂಬುದು ಅವರಿಗೂ ಗೊತ್ತು.

ನಮ್ಮ ಮನೆ ಚಾವಡಿಗೆ ಎದುರಿನ ಓಣಿಯ ಮೂಲೆಯಲ್ಲಿದೆ. ನಮ್ಮ ಮನೆಯವರು ಪಡಸಾಲೆಯ ಒಳಮೂಲೆಯಲ್ಲಿದ್ದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುತ್ತಿದ್ದರು. ಮಗ್ಗದ ಸದ್ದು ಚಾವಡಿಯವರೆಗೆ ಕೇಳುತ್ತಿತ್ತು. ಆ ಸದ್ದಿಗೆ ನನ್ನ ಕಿವಿ ಎಷ್ಟು ಒಗ್ಗಿತ್ತೆಂದರೆ, ಅದು ನಡೆಯುತ್ತಿರುವಾಗ ಕೇಳುತ್ತಲೇ ಇರಲಿಲ್ಲ. ನಿಂತಾಗ ಮಾತ್ರ ಕೇಳುತ್ತಿತ್ತು. ನಿಂತರೆ ನೂಲು ಹರಿದಿದೆ, ಇಲ್ಲವೆ ತಂಬಾಕು ತಿಕ್ಕುತ್ತಿದ್ದಾರೆ ಎಂದು ಕೂತಲ್ಲೇ ತಿಳಿಯುತ್ತಿತ್ತು.

ಫಕೀರವ್ವ ಸಂಕವ್ವನ ಮಗಳು. ಸಂಕವ್ವ ಸುಣ್ಣದ ಭಟ್ಟಿಯಲ್ಲಿ ಕಲ್ಲು ಹೊರುತ್ತಿದ್ದವಳು. ನನ್ನ ಹತ್ತಿರವೇ ಕೈ ಅಕ್ಷರ ಕಲಿತವಳು. ಫಕೀರವ್ವ ಇನ್ನೂ ಹೊಟ್ಟೆಯಲ್ಲಿದ್ದಾಗ ಅವಳ ಗಂಡ ಕೆರೆಯಲ್ಲಿ ಮುಳುಗಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವಳೇ ಬಸುರಿ ಹೊಟ್ಟೆ ಹೊತ್ತು ಹೊಸ್ತಿಲ ಮೇಲೆ ನಿಂತು ಗಂಡನ ಹೆಸರು ಹೇಳಿದಳು. ಒಂದು ಒತ್ತು ತಪ್ಪಿರಲಿಲ್ಲ. ನಾನು ಮೆಚ್ಚಿದ್ದೆ, ಹೇಳಿರಲಿಲ್ಲ. ಈಗ ಸುಣ್ಣದ ಧೂಳು ಅವಳ ಎದೆಯನ್ನು ತಿಂದುಹಾಕಿತ್ತು. ಕೌದಿ ಹೊದ್ದು ಮಲಗಿದವಳು ಏಳುವಂತಿರಲಿಲ್ಲ. ಇನ್ನು ಆ ಮನೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಲು ಉಳಿದವಳು ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಈ ಹುಡುಗಿ ಒಬ್ಬಳೇ.

ಓಣಿಯ ಹಿರಿಯ ಕರವೀರಪ್ಪ ಒಂದು ದಿನ ಚಾವಡಿಗೆ ಬಂದು ಕಂಬಕ್ಕೆ ಒರಗಿ ನಿಂತ.

"ನೀಲವ್ವ, ಸಂಕವ್ವಂದು ಇವತ್ತೋ ನಾಳೆಯೋ ಅನ್ನಂಗ ಐತಿ. ಆ ಹುಡುಗಿ ಕೈಯಾಗ ಅವ್ವನ ಹೆಸರು ಈಗ ಕೂಡ್ಸಿ ಇಡು."

"ಬದುಕಿದ್ದವರ ಹೆಸರು ಕೈಯಾಗ ಹಿಡಿಬಾರದು ಅಂತ ಹೇಳಾವ್ರೂ ನೀವ, ಹಿಡಿ ಅನ್ನಾವ್ರೂ ನೀವ."

"ಮತ್ತೇನ್ ಮಾಡೂದು? ಆ ದಿನ ಕೂಸು ಗಾಬರಿ ಬಿದ್ದು ಕೈ ಮುಚ್ಚಿಕೊಂಡು ನಿಂತ್ರ ಹೆಣ ಕೊಳಿಬೇಕೇನು? ಊರ ಮಂದಿ ಎಷ್ಟು ದಿನ ಮೂಕರಾಗಿ ಕುಂದರಬೇಕು?"

"ನಿಮ್ಮ ಹೆಂಡ್ತಿ ಬೈಯೂದು ಕೇಳಸೂದಿಲ್ಲ, ನಿಮಗ ಸುಖ ಅಲ್ಲೇನ್ರಿ?" ಎಂದೆ. ಮಕ್ಕಳು ಕಿಸಕ್ಕೆಂದವು. ಕರವೀರಪ್ಪ ನಗಲಿಲ್ಲ.

ಹೆಸರು ಹಿಡಿದರೆ ಯಾರೂ ಸಾಯುವುದಿಲ್ಲ ಎಂಬುದು ನನ್ನ ಬುದ್ಧಿ. ಅದನ್ನೇ ಅವನ ಮುಂದೆ ಹೇಳಿ, ಕಲಿಸುತ್ತೇನೆಂದು ಒಪ್ಪಿಕೊಂಡೆ. ಮರುದಿನ ಫಕೀರವ್ವನನ್ನು ಮುಂದೆ ಕೂರಿಸಿಕೊಂಡೆ. ತಲೆಗೆ ಎಣ್ಣೆ ಇರಲಿಲ್ಲ, ಕೂದಲಲ್ಲಿ ಸುಣ್ಣದ ಪುಡಿ ಇತ್ತು.

"ಸ ಹಿಡಿ."

ಹಿಡಿದಳು.

"ಅದರ ಮುಂದ ಸೊನ್ನಿ."

ಕೈ ಮುಚ್ಚಿಕೊಂಡಳು.

"ಯಾಕ?"

"ಮುಂದಿಂದು ನನಗ ಗೊತ್ತೈತ್ರಿ."

"ಗೊತ್ತಿದ್ರ ಹಿಡಿ."

"ಹಿಡಿಯಂಗಿಲ್ಲ. ನೀವು ನಿಮ್ಮವ್ವಂದು ಹಿಡೀರಿ."

"ನಮ್ಮವ್ವ ಸತ್ತು ಭಾಳ ವರ್ಷ ಆತು."

"ಅದಕ್ಕ ನೀವು ಹೆದರಂಗಿಲ್ಲ" ಎಂದಳು.

ಬೇರೆ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕವು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮುಚ್ಚಿದ ಬೆರಳನ್ನು ಒಂದೊಂದಾಗಿ ಬಿಡಿಸಲು ನೋಡಿದೆ. ಬಿಡಿಸಿದ್ದು ಬಿಡಿಸಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಅಷ್ಟು ಸಣ್ಣ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂದಿತೋ. "ಎದ್ದು ಹೊರಗ ನಡಿ" ಎಂದು ಕೂಗಿದೆ. ಎದ್ದು ಹೋದಳು. ಅವತ್ತಿನಿಂದ ದಿನವೂ ಇದೇ ಆಯಿತು. ನಾನು ಸ ಎನ್ನುವುದು, ಅವಳು ಹಿಡಿಯುವುದು, ನಾನು ಸೊನ್ನೆ ಎನ್ನುವುದು, ಅವಳು ಮುಷ್ಟಿ ಕಟ್ಟುವುದು, ನಾನು ಹೊರಗೆ ಹಾಕುವುದು.

ಹೊರಗೆ ಹಾಕಿದರೆ ಎಲ್ಲಿಗೆ ಹೋಗುತ್ತಾಳೆಂದು ನನಗೆ ತಿಳಿದದ್ದು ನಮ್ಮ ಮನೆಯವರಿಂದ. ಊಟಕ್ಕೆ ಕೂತಾಗ ಅವರೇ ಬಾಯಿಬಿಟ್ಟರು.

"ನಿನ್ನ ಶಿಷ್ಯಾ ಬಂದಿತ್ತು."

"ನಿಮಗ ಬ್ಯಾರೆ ಕೆಲಸಿಲ್ಲೇನ್ರಿ? ನಾ ಹೊರಗ ಹಾಕಿದ್ದನ್ನ ನೀವು ಒಳಗ ಕರಕೊಂಡು ಕುಂದ್ರಸ್ತೀರಿ."

"ಸುಮ್ಮ ಎಲ್ಲಿ ಕುಂದ್ರಸೀನಿ? ನೂಲು ಸುತ್ತಾಕ ಹಚ್ಚೀನಿ. ಮಗ್ಗದ ಕಾಕಾ, ಮಗ್ಗದ ಕಾಕಾ ಅಂತ ತಲಿ ತಿಂತೈತಿ. ನೀ ಸುಮ್ಮ ಬಡಿತಿ ಅದನ್ನ. ಅಕ್ಷರ ಎಲ್ಲಾ ಬರ್ತಾವ. ಒತ್ತು, ಇಳಿ, ಕೊಂಬು, ಒಂದೂ ತಪ್ಪಂಗಿಲ್ಲ."

"ನಿಮಗ ಹೆಂಗ ಗೊತ್ತು?"

ಅವರು ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು. "ನನ್ನ ಹೆಸರು ಕೂಡ್ಸಿ ತೋರಿಸೇತಿ."

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ನಿಂತಿತು.

"ಬುದ್ಧಿ ಐತೇನ್ರಿ ನಿಮಗ?"

"ಹೆಸರು ಹಿಡಿದ್ರ ಯಾರೂ ಸಾಯಂಗಿಲ್ಲ ಅಂತ ಕರವೀರಪ್ಪನ ಮುಂದ ಹೇಳಿದಾಕಿ ನೀನ ಅಲ್ಲೇನು?"

"ಹೌದು, ನಾನ ಹೇಳೀನಿ."

"ಮತ್ತ? ಅವ್ವಂದು ಹಿಡಿಯಾಕ ಹೆದರ್ತೈತಿ ಕೂಸು. ನಂದು ಹಿಡಿದು ನೋಡು, ನನಗೇನ್ ಆಗತೈತಿ ಅಂದೆ. ನಾ ಗಟ್ಟಿಮುಟ್ಟಾಗಿ ಮಗ್ಗದಾಗ ಕುಂತಿದ್ದು ದಿನಾ ಬಂದು ನೋಡ್ತೈತಿ. ನೋಡಿ ನೋಡಿ ಧೈರ್ಯ ಬರ್ತೈತಿ ಬಿಡು."

"ದೊಡ್ಡ ಪಂಡಿತರು ನೀವು" ಎಂದು ಪಲ್ಯವನ್ನು ತಾಟಿಗೆ ಬಡಿದು ಹಾಕಿದೆ. ಅವರು ನಕ್ಕರು. ಊಟ ಮುಗಿಸಿ ಮಗ್ಗಕ್ಕೆ ಇಳಿದರು. ಮಗ್ಗದ ಸದ್ದು ಶುರುವಾಯಿತು. ನಾನು ಪಾತ್ರೆ ತಿಕ್ಕಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಊರ ಮಕ್ಕಳಿಗೆಲ್ಲ ಹೆಸರು ಕೂಡಿಸಲು ಕಲಿಸಿದ ನಾನು ನಮ್ಮ ಮನೆಯವರ ಹೆಸರನ್ನು ಬಾಯಲ್ಲಾಗಲಿ ಕೈಯಲ್ಲಾಗಲಿ ಒಮ್ಮೆಯೂ ಹೇಳಿದವಳಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಮನೆ ತುಂಬುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಿಡುತ್ತೇವೆ ಎನ್ನುತ್ತಾರಲ್ಲ, ಆ ಒಂದು ದಿನ ಹೇಳಬಹುದು. ನಾನು ಆ ದಿನವೂ ಹೇಳಲಿಲ್ಲ. ಅಡ್ಡ ನಿಂತವರನ್ನು ದೂಡಿಕೊಂಡು ಹೊಸ್ತಿಲು ದಾಟಿದೆ. ಎಂಥ ಒರಟು ಹೆಣ್ಣು ತಂದಿರಿ ಎಂದು ಅವರ ಅತ್ತಿಗೆ ಎಲ್ಲರೆದುರೇ ಅಂದಳು. ಅವರು ಅವತ್ತೂ ಹೀಗೆಯೇ ನಕ್ಕಿದ್ದರು.

ಊಟಕ್ಕೆ ಕೂತಾಗ ಆ ಮಾತಾದ ಮುಂದಿನ ವಾರ ಸಂಕವ್ವನಿಗೆ ಉಸಿರು ಹೆಚ್ಚಾಯಿತು. ಗಂಜಿ ಕೊಡಲು ಹೋದ ಹೆಂಗಸರು ತಲೆ ಅಲ್ಲಾಡಿಸುತ್ತ ಹೊರಗೆ ಬರುತ್ತಿದ್ದರು. ಫಕೀರವ್ವ ಅಕ್ಷರಕ್ಕೆ ಬರುವುದು ಬಿಟ್ಟಳು. ಊರೆಲ್ಲ ಕಾಯುತ್ತ ಕೂತ ಹಾಗಿತ್ತು. ಏನಾದರೂ ಹೇಳಬೇಕಿದ್ದವರು, ಸದ್ದು ಇರುವಾಗಲೇ ಹೇಳಿಬಿಡುತ್ತೇನೆ ಎಂದು ಹೇಳುತ್ತಿದ್ದರು. ಎಣ್ಣೆ ಅಂಗಡಿಯವನು ಗಿರಾಕಿಗೆ ಹೇಳುವುದನ್ನು ನಾನೇ ಕೇಳಿದೆ: "ಈಗ ಬೈದು ಮುಗಿಸ್ರಿ, ಮಧ್ಯಾಹ್ನ ಬಾಯಿ ಇರತೈತೋ ಇಲ್ಲೋ."

ಅವತ್ತು ಬೆಳಿಗ್ಗೆ ನಾನು ಮಕ್ಕಳಿಗೆ ಣ ಹೇಳಿಕೊಡುತ್ತಿದ್ದೆ. ಅದು ಕಷ್ಟದ ಅಕ್ಷರ, ನಡುಬೆರಳು ಮಡಿಸಿ ಅಂಗೈ ಒಳಗೆ ತಿರುಗಿಸಬೇಕು. ಒಬ್ಬ ಹುಡುಗ ಹೊರಗೆ ತಿರುಗಿಸಿದ. "ಏ ಕತ್ತಿ, ಅಂಗೈ ಒಳಗ" ಎನ್ನುತ್ತಿದ್ದೆ. 'ಒಳಗ' ಎಂಬುದು ನನ್ನ ಬಾಯಿಂದ ಹೊರಗೆ ಬರಲಿಲ್ಲ.

ಸದ್ದು ಹೋಗಿತ್ತು.

ಕಲಿಸಿದ ಹಾಗೆ ಮಕ್ಕಳು ಎದ್ದು ಓಡಿದವು, ಒಂದೊಂದು ಒಂದೊಂದು ಓಣಿಗೆ. ನಾನು ನನ್ನ ಮನೆಗೆ ಹೋಗಲಿಲ್ಲ. ಏನು ನೋಡುವುದು? ಸಂಕವ್ವ ಹೋದಳು ಎಂದು ನನಗೆ ಖಾತ್ರಿಯಿತ್ತು. ಆ ಹುಡುಗಿ ಹೊಸ್ತಿಲ ಮೇಲೆ ಮುಷ್ಟಿ ಕಟ್ಟಿಕೊಂಡು ನಿಂತಿರುತ್ತಾಳೆ, ಕಲಿಸಿದ್ದು ಇಷ್ಟೇ ಏನು ಎಂದು ಊರು ನನ್ನ ಮುಖ ನೋಡುತ್ತದೆ, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ನಮ್ಮ ಮನೆಯ ಮುಂದಿನಿಂದಲೇ ಹಾದು ಹೋದೆ. ಬಾಗಿಲು ಎಂದಿನಂತೆ ತೆರೆದಿತ್ತು. ಮಗ್ಗ ಒಳಮೂಲೆಗಿದ್ದದ್ದರಿಂದ ಬೀದಿಗೆ ಕಾಣುತ್ತಿರಲಿಲ್ಲ. ಅದರ ಸದ್ದು ಕೇಳುತ್ತಿರಲಿಲ್ಲ. ಊರಲ್ಲಿ ಯಾವ ಸದ್ದೂ ಕೇಳುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಹುಸೇನಸಾಬ ತನ್ನ ಮನೆ ನೋಡಿಕೊಂಡು ಹೊರಗೆ ಬಂದವನು ನನ್ನನ್ನು ಕಂಡು, ನಿಮ್ಮ ಮನೆ ಹೇಗೆ ಎಂದು ಕೈ ಮಾಡಿ ಕೇಳಿದ. ಸರಿ ಇದೆ ಎಂದು ಕೈ ಬೀಸಿದೆ. ನೋಡದೆಯೇ ಬೀಸಿದೆ.

ಸುಣ್ಣದ ಭಟ್ಟಿಯ ಓಣಿಯಲ್ಲಿ, ಸಂಕವ್ವನ ಮನೆಯ ಮುಂದೆ, ಜನ ಸೇರುತ್ತಿದ್ದರು. ಫಕೀರವ್ವ ನೀರಿಗೆ ಹೋಗಿದ್ದಳೆಂದು ಕಾಣುತ್ತದೆ, ಸಣ್ಣ ಬಿಂದಿಗೆ ಕಾಲ ಹತ್ತಿರ ಇತ್ತು. ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತಿದ್ದಳು. ಎರಡೂ ಕೈ ಮುಷ್ಟಿ. ಓಡಿ ಬರುವ ಜನರನ್ನು ನೋಡಿದ್ದಳೇ ಹೊರತು ಹಿಂದಕ್ಕೆ ತಿರುಗಿ ಒಳಗೆ ನೋಡಿರಲಿಲ್ಲ. ನೋಡುವುದೂ ಅವಳಿಗೆ ಬೇಕಿರಲಿಲ್ಲ. ಕರವೀರಪ್ಪ ಮುಂದೆ ಬಂದು, ಹೇಳು ಎಂದು ಸನ್ನೆ ಮಾಡಿದ. ಅವಳು ತಲೆ ಅಲ್ಲಾಡಿಸಿದಳು. ನಾನು ಎದುರಿಗೆ ನಿಂತು ಸ ಹಿಡಿದು ತೋರಿಸಿದೆ. ತಲೆ ಅಲ್ಲಾಡಿಸಿದಳು. ಜನ ಕಾದರು. ಯಾರದೋ ಬಗಲಲ್ಲಿದ್ದ ಕೂಸು ಬಾಯಿ ತೆರೆದು ಅಳುತ್ತಿತ್ತು, ಅದರ ತಾಯಿ ಅದರ ಕಣ್ಣೀರು ನೋಡಿ ತಟ್ಟುತ್ತಿದ್ದಳು. ಗೋಡೆಯ ನೆರಳು ಹೊಸ್ತಿಲಿನವರೆಗೆ ಬಂತು. ಆ ಹುಡುಗಿ ಅಲುಗಲಿಲ್ಲ.

ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಮುಷ್ಟಿ ಬಿಡಿಸಲು ಹೋದೆ. ಅವಳ ಬಾಯಿ ಏನೋ ಕೂಗುತ್ತಿತ್ತು. ಏನೆಂದು ಆ ದೇವರಿಗೇ ಗೊತ್ತು. ಕೊನೆಗೆ ನನ್ನ ಸಿಟ್ಟು ನನ್ನ ಕೈ ಮೀರಿತು. ಹೆಸರು ಹೇಳದ ಮನೆಗೆ ಕಾಲಿಡಬಾರದು ಎಂಬುದನ್ನು ಬಿಸಾಕಿ, ಅವಳನ್ನು ಬದಿಗೆ ದೂಡಿ, ಹೊಸ್ತಿಲು ದಾಟಿದೆ. ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು. ಕೊಡವಿಕೊಂಡೆ.

ಒಳಗೆ ಕತ್ತಲಿತ್ತು. ಕಣ್ಣು ಹೊಂದಲು ಸ್ವಲ್ಪ ಹೊತ್ತು ಹಿಡಿಯಿತು. ಸಂಕವ್ವ ಕೌದಿಯೊಳಗೆ ಮಲಗಿದ್ದಳು. ಕಣ್ಣು ತೆರೆದಿದ್ದವು. ಆ ಕಣ್ಣು ನನ್ನ ಕಡೆಗೆ ಹೊರಳಿದವು.

ಕೌದಿಯ ಅಂಚಿನಿಂದ ಕಡ್ಡಿಯಂಥ ಒಂದು ಕೈ ಹೊರಗೆ ಬಂತು. ಅಂಗೈ ಮೇಲೆ ಮಾಡಿ, ಮೆಲ್ಲಗೆ ಅಲ್ಲಾಡಿಸಿದಳು. ನಮ್ಮೂರಲ್ಲಿ ಸದ್ದು ಹೋದಾಗ ಎಲ್ಲರೂ ಎಲ್ಲರನ್ನೂ ಕೇಳುವ ಸನ್ನೆ ಅದು.

ಯಾರು?

ನಾನು ನಿಂತೇ ಇದ್ದೆ. ಅವಳು ಮತ್ತೊಮ್ಮೆ ಕೇಳಿದಳು. ಯಾರು?

ಹೊರಗೆ ಬಂದು, ಬದುಕಿದ್ದಾಳೆ ಎಂದು ಕೈ ಮಾಡಿದೆ. ಫಕೀರವ್ವ ಬಾಣದ ಹಾಗೆ ಒಳಗೆ ಓಡಿದಳು. ಜನರ ಕೈಗಳೆಲ್ಲ ಒಮ್ಮೆಲೇ ಮೇಲೆದ್ದವು. ಯಾರು? ಯಾರು? ನಮ್ಮಲ್ಲಿ ಸರಿ ಇದೆ, ನಮ್ಮಲ್ಲೂ ಸರಿ ಇದೆ. ಎಲ್ಲರೂ ನೋಡಿಕೊಂಡೇ ಬಂದಿದ್ದರು. ಹುಸೇನಸಾಬ ಮಾತ್ರ ಕೈ ಎತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ಓಡಿದೆ. ಇಷ್ಟು ಬೊಜ್ಜು ಮೈ ಹೊತ್ತು ನಾನು ಹಾಗೆ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಊರೆಲ್ಲ ನನ್ನ ಹಿಂದೆ ಬಂತು.

ಅವರು ಮಗ್ಗದಲ್ಲಿ ಮುಂದಕ್ಕೆ ಬಾಗಿ, ನೇಯ್ದ ಖಣದ ಮೇಲೆ ಹಣೆ ಇಟ್ಟಿದ್ದರು. ನೂಲು ಎಲ್ಲಿ ಹರಿದಿದೆ ಎಂದು ಹತ್ತಿರದಿಂದ ನೋಡುತ್ತಿರುವವರ ಹಾಗೆ ಕಾಣುತ್ತಿದ್ದರು. ಲಾಳಿ ಬಲಗೈಯಲ್ಲೇ ಇತ್ತು. ಕರೆದೆ. ಕರೆದದ್ದು ನನಗೂ ಕೇಳಲಿಲ್ಲ. ಕುತ್ತಿಗೆ ಮುಟ್ಟಿದೆ, ತಣ್ಣಗಾಗಲು ಶುರುವಾಗಿತ್ತು. ಆ ಹುಡುಗಿಯ ಮುಷ್ಟಿ ಬಿಡಿಸುತ್ತ ನಾನು ಎಷ್ಟು ಹೊತ್ತು ಕಳೆದೆನೋ ಅಷ್ಟು ಹೊತ್ತು ಅವರು ಇಲ್ಲಿ ಹೀಗೆಯೇ ಇದ್ದರು.

ಹೊರಗೆ ಜನ ನಿಂತಿದ್ದರು. ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ನಮಗೆ ಮಕ್ಕಳಿಲ್ಲ. ಈ ಮನೆಯಲ್ಲಿ ಕಿರಿಯಳೂ ನಾನೇ, ಹಿರಿಯಳೂ ನಾನೇ. ಎದ್ದು ಬಂದು ಹೊಸ್ತಿಲ ಮೇಲೆ ನಿಂತೆ. ಏನು ಹೇಳಬೇಕೆಂದು ಗೊತ್ತಿತ್ತು; ಯಾವ ಬೆರಳು ಎಲ್ಲಿ ಮಡಿಯಬೇಕು, ಎಡಗೈ ಎಲ್ಲಿಗೆ ಬರಬೇಕು, ಎಲ್ಲ ಗೊತ್ತಿತ್ತು. ಕೈ ಏಳಲಿಲ್ಲ. ಮದುವೆಯ ದಿನ ಇದೇ ಹೊಸ್ತಿಲ ಮೇಲೆ ಹೇಳದೆ ಉಳಿಸಿಕೊಂಡ ಹೆಸರು ಇದು. ಬಸುರಿ ಹೆಂಗಸು ಸಂಕವ್ವ ಹೇಳಿದ್ದಳು, ನಾನೇ ಕಲಿಸಿದವಳು. ನನಗೆ ಆಗಲಿಲ್ಲ. ಕೈ ನೋಡಿಕೊಂಡರೆ ಎರಡೂ ಮುಷ್ಟಿ ಕಟ್ಟಿದ್ದವು. ನನ್ನ ಕೈಯಿಂದ ಮಣಿಕಟ್ಟಿಗೆ ಏಟು ತಿಂದವರೇ ಎದುರಿಗೆ ನಿಂತಿದ್ದರು, ಈಗ ದೊಡ್ಡವರಾಗಿದ್ದರು. ಯಾರೂ, ಹೇಳು ಎಂದು ಸನ್ನೆ ಮಾಡಲಿಲ್ಲ. ತಲೆ ತಗ್ಗಿಸಿ ಕಾದರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಜನರ ಕಾಲುಗಳ ನಡುವಿನಿಂದ ಫಕೀರವ್ವ ಬಂದಳು. ಕಟ್ಟೆ ಹತ್ತಿ, ಹೊಸ್ತಿಲ ಮೇಲೆ ನನ್ನ ಮುಂದೆ, ನನಗೆ ಬೆನ್ನು ಮಾಡಿ ನಿಂತಳು. ಅವಳ ತಲೆ ನನ್ನ ಹೊಟ್ಟೆಗೆ ತಾಗುತ್ತಿತ್ತು. ಎರಡೂ ಕೈ ಎತ್ತಿದಳು. ದ ಹಿಡಿದಳು. ಎಡಗೈಯನ್ನು ಮಣಿಕಟ್ಟಿನ ಕೆಳಗೆ ತಂದು ಯ ಒತ್ತು ಕೊಟ್ಟಳು, ಪಕ್ಕಕ್ಕೆ ತಂದು ಇಳಿಸಿದಳು. ಮ ಹಿಡಿದಳು. ಪ ಹಿಡಿದು, ಕೆಳಗೆ ಅದಕ್ಕೆ ಅದರದೇ ಒತ್ತು ಕೊಟ್ಟಳು. ಅವಸರ ಮಾಡಲಿಲ್ಲ.

ದ್ಯಾಮಪ್ಪ.

ಮುಂದಿದ್ದವರು ಅದನ್ನು ಕೈಯಲ್ಲಿ ಹಿಡಿದು ಹಿಂದಿನವರಿಗೆ ತೋರಿಸಿದರು, ಅವರು ತಮ್ಮ ಹಿಂದಿನವರಿಗೆ. ಓಣಿಯ ಕೊನೆಯವರೆಗೆ ನನ್ನ ಗಂಡನ ಹೆಸರು ಕೈಯಿಂದ ಕೈಗೆ ಹೋಗುವುದನ್ನು ಆ ಹುಡುಗಿಯ ತಲೆಯ ಮೇಲಿನಿಂದ ನೋಡಿದೆ. ಮನೆಯವಳಲ್ಲದವಳು ಹೇಳಿದ ಹೆಸರು ನಡೆಯುತ್ತದೆಯೇ ಎಂದು ಕೆಲವರು ಕರವೀರಪ್ಪನ ಮುಖ ನೋಡಿದರು. ಅವನು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ಉಳಿದ ಗಂಡಸರೂ ಬಂದರು. ಲಾಳಿಯನ್ನು ಕೈಯಿಂದ ಬಿಡಿಸಲು ಕಷ್ಟವಾಯಿತು.

ಸಂಜೆ ಮಣ್ಣಾಯಿತು. ಕೊನೆಯ ಹಿಡಿ ನಾನೇ ಹಾಕಿದೆ. ಸದ್ದು ಬಂತು, ಒಣಮಣ್ಣು ಮಣ್ಣಿಗೆ ಬಿದ್ದ ಸದ್ದು. ಆಮೇಲೆ ಸುತ್ತಲಿದ್ದವರ ಅಳು ಒಮ್ಮೆಲೇ ಬಂದು ಕಿವಿಗೆ ಬಡಿಯಿತು. ನನ್ನದೂ ಅದರಲ್ಲಿ ಇದ್ದಿರಬೇಕು.

ಮನೆಗೆ ಬಂದಾಗ ಫಕೀರವ್ವ ಮಗ್ಗದ ಕುಣಿಯ ಅಂಚಿನಲ್ಲಿ ಕೂತಿದ್ದಳು. ಬಂದ ಹೆಂಗಸರೆಲ್ಲ ಎದ್ದು ಹೋಗುವವರೆಗೆ ಅಲ್ಲೇ ಕೂತಿದ್ದಳು.

"ಅಕ್ಕೋರ."

"ಏನ?"

"ನಾ ಮಗ್ಗದ ಕಾಕಾನ ಹೆಸರು ಮೊದಲ ಹಿಡಿದಿದ್ನಿ."

"ಗೊತ್ತೈತಿ."

"ಅದಕ್ಕ ಹಿಂಗಾತು."

"ಅಲ್ಲ."

"ಮತ್ತ ಯಾಕ ಸತ್ರು?"

"ಎದಿ ನಿಂತು ಸತ್ರು. ಮಂದಿ ಸಾಯ್ತಾರ. ಹೆಸರಿಲ್ಲದ ನಾಯಿನೂ ಸಾಯ್ತೈತಿ."

"ಖರೇನ್ರಿ?"

"ಖರೇನ."

ಈಗಲೂ ಕೇಳಿದರೆ ಹಾಗೆಯೇ ಹೇಳುತ್ತೇನೆ. ಆದರೆ ಅವತ್ತಿನಿಂದ ಬದುಕಿದ್ದವರ ಹೆಸರನ್ನು ಯಾವ ಮಗುವಿನ ಕೈಯಲ್ಲೂ ಹಿಡಿಸಿಲ್ಲ.

"ನಾ ಅವ್ವಂದು ಹಿಡಿಯಂಗಿಲ್ಲ" ಎಂದಳು ಫಕೀರವ್ವ. ಹಟದ ದನಿ ಅಲ್ಲ, ಲೆಕ್ಕ ಹೇಳಿದ ಹಾಗೆ. "ನಿಮ್ಮನಿದು ನಾ ಹೇಳೀನಿ. ನಮ್ಮನಿದು ನೀವು ಹೇಳ್ರಿ."

ನನಗೆ ಬೈಗುಳ ಒಂದೂ ನೆನಪಾಗಲಿಲ್ಲ. "ಹೂಂ" ಎಂದೆ.

ಕರವೀರಪ್ಪನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. "ರೀತಿ ಅಲ್ಲ ಅದು, ನೀಲವ್ವ. ಮನ್ಯಾಗ ಅಕ್ಷರ ಬಲ್ಲ ಕೂಸು ಇರಬೇಕಾರ ನೀ ಹೆಂಗ ಹೇಳ್ತಿ?"

"ನಮ್ಮ ಹೊಸ್ತಿಲ ಮ್ಯಾಲ ಆ ಕೂಸು ನಿಂತಾಗ ನೀವ ರುಮಾಲು ತಗದು ಒಳಗ ಬಂದ್ರಿ. ಆವಾಗ ಎಲ್ಲಿ ಹೋಗಿತ್ತು ನಿಮ್ಮ ರೀತಿ?"

ಅವನು ಎದ್ದು ಹೋದ. ಆಮೇಲೆ ಆ ಮಾತು ಎತ್ತಲಿಲ್ಲ.

ಸಂಕವ್ವನನ್ನು ನೋಡಲು ಹೋದೆ. ಗಂಜಿ ತೆಗೆದುಕೊಂಡು ಹೋಗಿದ್ದೆ. ಅವಳು ನನ್ನ ಬೋಳು ಹಣೆ ನೋಡಿ ಕಣ್ಣು ಮುಚ್ಚಿದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ಹೇಳಿದಳು: "ನನ್ನ ಸರದಿ... ಅವರು ತಗೊಂಡಂಗಾತ್ರಿ, ಅಕ್ಕೋರ."

"ಸರದಿ ಅಂತ ಯಾರು ಹಚ್ಚ್ಯಾರ? ಸುಮ್ಮ ಗಂಜಿ ಕುಡಿ."

"ಹುಡುಗಿ..."

"ನೂಲು ಚಲೋ ಸುತ್ತತೈತಿ ನಿನ್ನ ಹುಡುಗಿ. ನಮ್ಮಲ್ಲಿ ನೂಲು ಭಾಳ ಉಳದೈತಿ. ಬಾಯಿ ತಗಿ."

ಬಾಯಿ ತೆರೆದಳು. ಕುಡಿಸಿದೆ. ಅರ್ಧ ಗಲ್ಲದ ಮೇಲೆ ಹರಿಯಿತು, ಒರೆಸಿದೆ.

ಫಕೀರವ್ವ ತಿರುಗಿ ಅಕ್ಷರಕ್ಕೆ ಬಂದಳು. ಕಟ್ಟೆಯ ಮೇಲೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಆಡು, ಬಿಂದಿಗೆ, ಬೇವಿನ ಗಿಡ, ಹೇಳಿದ್ದೆಲ್ಲ ಹಿಡಿದು ತೋರಿಸುತ್ತಿದ್ದಳು. ಸ ಹಿಡಿದ ಮೇಲೆ ನಾನು ಸೊನ್ನೆ ಹೇಳುತ್ತಿರಲಿಲ್ಲ, ಬೇರೆ ಅಕ್ಷರಕ್ಕೆ ಹೋಗುತ್ತಿದ್ದೆ. ಊರಲ್ಲಿ ಸದ್ದು ಎಲ್ಲ ಇತ್ತು: ಗಿರಣಿ, ನಾಯಿ, ಹೆಂಗಸರ ಬಾಯಿ. ಎದುರಿನ ಮೂಲೆಯಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ. ಪಾಠ ಮಾಡುತ್ತಿರುವಾಗ ನಡುವೆ ನಿಂತುಬಿಡುತ್ತಿದ್ದೆ. ಮಕ್ಕಳು, ನಾನು ಏನೋ ಯೋಚಿಸುತ್ತಿದ್ದೇನೆ ಎಂದುಕೊಂಡು ಸುಮ್ಮನೆ ಕಾಯುತ್ತಿದ್ದವು. ನಾನು ಏನೂ ಯೋಚಿಸುತ್ತಿರಲಿಲ್ಲ. ನೂಲು ಕಟ್ಟಿ ಮತ್ತೆ ಶುರು ಮಾಡುತ್ತಾರೆಂದು ಕಾಯುತ್ತಿದ್ದೆ.

ಜೋಳ ಕಟಾವಿಗೆ ಬಂದಾಗ ಮತ್ತೆ ಸದ್ದು ಹೋಯಿತು. ಆ ದಿನವೂ ಫಕೀರವ್ವ ಬಂದಿರಲಿಲ್ಲ. ಮಕ್ಕಳು ತಂತಮ್ಮ ಓಣಿಗೆ ಓಡಿದವು. ನಾನು ಕಟ್ಟೆ ಇಳಿದು ನನ್ನ ಮನೆಗೆ ಹೋದೆ. ಪಡಸಾಲೆಗೆ ಹೋಗಿ ಮಗ್ಗದ ಕುಣಿಯನ್ನು ಬಗ್ಗಿ ನೋಡಿದೆ. ಅರ್ಧ ನೇಯ್ದ ಖಣ ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು. ಅಡುಗೆಮನೆಯನ್ನೂ ನೋಡಿದೆ, ಹಿತ್ತಿಲಿನ ಬಾಗಿಲು ತೆಗೆದು ಅಲ್ಲಿಯೂ ನೋಡಿದೆ. ನೋಡುವುದಕ್ಕೆ ಯಾರೂ ಇರಲಿಲ್ಲ. ಆದರೂ ಪೂರ್ತಿ ನೋಡಿ, ಬಾಗಿಲು ಎಳೆದುಕೊಂಡು, ಸುಣ್ಣದ ಭಟ್ಟಿಯ ಓಣಿಯ ಕಡೆ ನಡೆದೆ. ದಾರಿಯಲ್ಲಿ ಹುಸೇನಸಾಬ ಕೈ ಮಾಡಿ ಕೇಳಿದ. ಸರಿ ಇದೆ ಎಂದು ಕೈ ಮಾಡಿದೆ.

ಜನ ಆಗಲೇ ಸೇರಿದ್ದರು, ನನಗೆ ದಾರಿ ಬಿಟ್ಟರು. ಫಕೀರವ್ವ ಹೊಸ್ತಿಲ ನಡುವೆ ನಿಂತಿದ್ದಳು, ಎರಡೂ ಕೈ ಮುಷ್ಟಿ ಕಟ್ಟಿಕೊಂಡು. ಈ ಸಲ ಒಳಗೆ ನೋಡಿ ಬಂದಿದ್ದಳು, ಮುಖದಲ್ಲಿ ಕಾಣುತ್ತಿತ್ತು. ನನ್ನನ್ನು ಕಂಡು ಒಂದು ಬದಿಗೆ ಸರಿದು, ನನಗೆ ನಿಲ್ಲಲು ಜಾಗ ಬಿಟ್ಟಳು.